ಸಾಕು ಅನ್ನೋ ಮಾತು ಯಾರದು?

ಕಾಕಾನ ಮಗ ಡಾಬಕಾದಿಂದ ಫೋನ್ ಮಾಡಿದ್ದ. ಔರಾದ್ ಸೀಮೆಯ ಊರು ಅದು, ಮಹಾರಾಷ್ಟ್ರದ ಗಡಿ ಹತ್ತಿರ. ಸಂತೆ, ಸಂಬಂಧ, ರಿಪೇರಿ ಎಲ್ಲಕ್ಕೂ ಅಲ್ಲಿನವರಿಗೆ ಬೀದರ್ ಎಷ್ಟೋ ಉದಗೀರ್ ಕೂಡ ಅಷ್ಟೇ. ಇವನು ನಾಲ್ಕು ವರ್ಷದಿಂದ ಮದುವೆ ವಿಡಿಯೊ ಮಾಡ್ತಾನೆ. ಶೂಟಿಂಗೂ ಇವನೇ, ಎಡಿಟಿಂಗೂ ಇವನೇ. ಈಗ ಹಳೇ ಲ್ಯಾಪ್‌ಟಾಪ್ ಕೈಕೊಟ್ಟಿದೆ.

"ಅಣ್ಣಾ, ಸೋಯಾದ ರೊಕ್ಕ ಬಂದದ. ಅರ್ಧ ಅಪ್ಪ ಕೊಡ್ತೀನಿ ಅಂದಾನ, ಅರ್ಧ ಸಾಲ. ಆ ಅಂಗೈಯಷ್ಟು ಡಬ್ಬಿ ಬರ್ತದಲ್ಲ, ಮ್ಯಾಕ್ ಮಿನಿ, ಅದು ತಗೋಳ್ಳೊ? ಇಲ್ಲಾ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿ ಟವರ್ ಕಟ್ಟಿಸ್ಲೊ? ನೀ ಹೇಳು."

ಒಂದು ಸೆಕೆಂಡ್ ಕೂಡ ಯೋಚಿಸಲಿಲ್ಲ ನಾನು. "ಸಣ್ಣದು ಸಾಕಪಾ. ಸುಮ್ನೆ ದೊಡ್ಡದರ ಮ್ಯಾಲ ರೊಕ್ಕ ಹಾಕಬ್ಯಾಡ" ಅಂದೆ. ಅವನು "ಹೂಂ" ಅಂತ ಫೋನ್ ಇಟ್ಟ.

ಆಮೇಲೆ ಮೇಜಿನ ಕೆಳಗೆ ಕಣ್ಣು ಹೋಯಿತು. ಅಲ್ಲಿ ನನ್ನ ಟವರ್ ಇದೆ. ಒಂದು ಪಕ್ಕ ಪೂರ್ತಿ ಗಾಜು, ಒಳಗೆ ನೀಲಿ ದೀಪ. 64 ಜಿಬಿ ರ‍್ಯಾಮ್, 24 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್. ಒಂದು ಅನಿಮೇಷನ್ ಕಿರುಚಿತ್ರ ಮಾಡಬೇಕು ಅಂತ ಕಂತಿನ ಮೇಲೆ ತಂದದ್ದು. ಕಂತು ತೀರಿದೆ. ಚಿತ್ರ 40 ಸೆಕೆಂಡಿಗೆ ನಿಂತಿದೆ. ಈಗ ಅದರ ಮೇಲೆ ಆಫೀಸಿನ ಸ್ಲೈಡು ಮಾಡ್ತೀನಿ, ಮೂವತ್ತು ಟ್ಯಾಬ್ ತೆರೆದಿಡ್ತೀನಿ, ರಾತ್ರಿ ಸೀರೀಸ್ ನೋಡ್ತೀನಿ. ಅದನ್ನು ಕೊಳ್ಳುವಾಗ "ಸಣ್ಣದು ಸಾಕು" ಅಂತ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಕೇಳ್ತಿರಲೂ ಇಲ್ಲ.

ಮೊದಲು ಯಂತ್ರದ ಲೆಕ್ಕ ಮುಗಿಸಿಬಿಡೋಣ. 2024ರಲ್ಲಿ ಬಂದ ಮ್ಯಾಕ್ ಮಿನಿ 12.7 ಸೆಂಟಿಮೀಟರ್ ಚೌಕ, 5 ಸೆಂಟಿಮೀಟರ್ ಎತ್ತರ. ಅದರ ಎಂ4 ಮಾದರಿ ಮೈಮುರಿದು ದುಡಿದರೂ ಎಳೆಯೋದು ಸುಮಾರು 65 ವ್ಯಾಟ್. ನನ್ನ ಟವರಿನಲ್ಲಿರುವ ಆರ್‌ಟಿಎಕ್ಸ್ 4090 ಕಾರ್ಡ್ ಒಂದಕ್ಕೇ 450 ವ್ಯಾಟ್ ಬೇಕು. ಅದರ ನಂತರ ಬಂದ 5090ಕ್ಕೆ 575. ಹಾಗಂತ ಸಣ್ಣದು ಬಡಕಲು ಅಂದುಕೊಳ್ಳಬೇಡಿ. ಈಗಿನ ಎಷ್ಟೋ ಕ್ಯಾಮೆರಾಗಳು 10-ಬಿಟ್ 4:2:2 ಬಣ್ಣವನ್ನು ಎಚ್.265ನಲ್ಲಿ ಒತ್ತಿ ತುಂಬಿದ ಫೈಲ್ ಕೊಡ್ತವೆ. ಅದನ್ನು ಬಿಡಿಸಲಿಕ್ಕೆ ಚಿಪ್‌ನೊಳಗೆ ಅದಕ್ಕೆಂದೇ ಒಂದು ಭಾಗ ಇರಬೇಕು. ಆ ಡಬ್ಬಿಯಲ್ಲಿ ಅದಿದೆ. ಎನ್‌ವಿಡಿಯಾದ ಕಾರ್ಡ್‌ಗಳಿಗೆ ಅದು ಬಂದದ್ದು 2025ರ 50 ಸರಣಿಯಲ್ಲಿ. ಅಂದರೆ ಈ ಒಂದು ಕೆಲಸದಲ್ಲಿ ನನ್ನ ದೊಡ್ಡ ಕಾರ್ಡ್ ಆ ಡಬ್ಬಿಯ ಮುಂದೆ ತಲೆತಗ್ಗಿಸಬೇಕು. ತ್ರೀಡಿ ರೆಂಡರಿಂಗ್ ಅಂದರೆ ಕಥೆ ಉಲ್ಟಾ. ಅಲ್ಲಿ ಭಾರೀ ಕಾರ್ಡಿಗೆ ಸಾಟಿ ಇಲ್ಲ. ಇನ್ನು ಸಣ್ಣದರ ದೊಡ್ಡ ಕೊರತೆ ಅಂದರೆ, ಕೊಂಡ ದಿನ ಎಷ್ಟು ಮೆಮೊರಿ ಇತ್ತೋ ಕೊನೆತನಕ ಅಷ್ಟೇ. ಟವರಿಗಾದರೆ ನಾಳೆ ಇನ್ನೊಂದು ಪಟ್ಟಿ ಸಿಕ್ಕಿಸಬಹುದು. ಸ್ವಿಚ್ ಹಾಕಿದಾಗ ಚಾಲೂ ಆಗದಿದ್ದರೆ ಯಾವುದೇ ತಾಲ್ಲೂಕಿನ ಅಂಗಡಿಯವನು ಪವರ್ ಸಪ್ಲೈ ಬದಲಿಸಿ ಕೊಡ್ತಾನೆ.

ಹಾಗಿದ್ದರೆ ಮದುವೆ ವಿಡಿಯೊ ಮಾಡೋನಿಗೆ ನಾನು ಹೇಳಿದ್ದು ಸರಿಯಾಗೇ ಇತ್ತಲ್ಲ? ಉತ್ತರ ಸರಿ ಇದ್ದಿರಬಹುದು. ಹೇಳಿದ್ದು ಮಾತ್ರ ತಪ್ಪು. ಯಾಕಂದರೆ ನಾನು ಅವನನ್ನು ಏನನ್ನೂ ಕೇಳಿರಲಿಲ್ಲ. ಯಾವ ಕ್ಯಾಮೆರಾ, ಎಷ್ಟು ಕ್ಯಾಮೆರಾ, ತಿಂಗಳಿಗೆ ಎಷ್ಟು ಮದುವೆ, ಎಲ್ಲಿ ಕೆಲಸ ನಿಲ್ಲುತ್ತೆ, ಒಂದೂ ಇಲ್ಲ. ಇದೇ ಪ್ರಶ್ನೆ ಆಫೀಸಿನ ಗೆಳೆಯ ಕೇಳಿದ್ದರೆ ಅರ್ಧ ಗಂಟೆ ಕೂತು ಚರ್ಚೆ ಮಾಡ್ತಿದ್ದೆ, "ಸ್ವಲ್ಪ ಮುಂದಿನದೂ ಯೋಚಿಸು" ಅಂತ ಒಂದು ಮೆಟ್ಟಿಲು ಮೇಲಿನದನ್ನೇ ತೋರಿಸ್ತಿದ್ದೆ. ಡಾಬಕಾ, ಮದುವೆ ವಿಡಿಯೊ, ಸೋಯಾದ ದುಡ್ಡು ಅಂತ ಕಿವಿಗೆ ಬಿದ್ದ ಕೂಡಲೇ "ಸಾಕು" ಅನ್ನೋ ಮಾತು ತಾನಾಗಿ ಬಂತು. ಅದರಲ್ಲಿ ಕಾಳಜಿ ಇರಲಿಲ್ಲ ಅಂತಲ್ಲ. ಆದರೆ ಅವನ ಕೆಲಸ ಎಷ್ಟರದು ಅಂತ ಮೊದಲೇ ಅಳೆದಿಟ್ಟ ಉಡಾಫೆಯೂ ಇತ್ತು.

ಬೀದರ್ ಜಿಲ್ಲೆಯಲ್ಲಿ ಬೆಳೆದವರಿಗೆ "ಸಾಕು" ಅಂದರೆ ಆಯ್ದಕ್ಕಿ ಲಕ್ಕಮ್ಮ ನೆನಪಾಗ್ತಾಳೆ. ಈಗ ನಾವು ಬಸವಕಲ್ಯಾಣ ಅನ್ನೋ ಅದೇ ಕಲ್ಯಾಣದ ಕಥೆ. ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರ್ತಾನೆ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ನೋಡಿ, ಇಷ್ಟು ನಮಗೇಕೆ, ಹೋಗಿ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಶಾಲೆಯ ಭಾಷಣಗಳಲ್ಲಿ ಇದನ್ನು ಅತಿಯಾಸೆ ಬೇಡ ಅನ್ನೋ ನೀತಿಯಾಗಿ ಕೇಳಿದ್ದೇವೆ. ಆದರೆ ಒಂದು ವಿಷಯ ನನಗೆ ಹೊಳೆದದ್ದು ಈಗ. ಲಕ್ಕಮ್ಮ "ಸಾಕು" ಅಂದದ್ದು ತನ್ನ ಮನೆಯ ಅಕ್ಕಿಗೆ. ಎಷ್ಟು ಜನ ಉಣ್ಣಬೇಕು, ಒಲೆ ಮೇಲೆ ಎಷ್ಟು ಬೇಯಬೇಕು ಅಂತ ಬಲ್ಲವಳು ಅವಳು. ನೆರೆಮನೆಯ ಪಾತ್ರೆ ಇಣುಕಿ ನಿನಗಿಷ್ಟು ಸಾಕು ಅನ್ನಲಿಲ್ಲ. ತುಂಬಿದ ಮನೆಯವನು ಬಾಗಿಲಲ್ಲಿ ನಿಂತು ಇದೇ ಮಾತು ಹೇಳಿದ್ದರೆ ಅದಕ್ಕೆ ವೈರಾಗ್ಯ ಅಂತ ಯಾರೂ ಹೆಸರಿಡ್ತಿರಲಿಲ್ಲ.

ಹಾಗಂತ "ದೊಡ್ಡದೇ ತಗೋ" ಅನ್ನೋದೂ ಉತ್ತರ ಅಲ್ಲ. ವೇಗ ಕೊಂಡರೆ ಸಮಯ ಉಳಿಯುತ್ತೆ ಅನ್ನೋದು ಅರ್ಧ ಸತ್ಯ. ಕಂಪ್ಯೂಟರ್ ಗ್ರಾಫಿಕ್ಸ್‌ನವರ ನಡುವೆ ಜಿಮ್ ಬ್ಲಿನ್ ಅನ್ನೋ ವಿಜ್ಞಾನಿಯ ಹೆಸರಲ್ಲಿ ಒಂದು ಮಾತಿದೆ: ಯಂತ್ರ ಎಷ್ಟೇ ವೇಗವಾಗಲಿ, ಒಂದು ಫ್ರೇಮ್ ರೆಂಡರ್ ಆಗಲು ಹಿಡಿಯುವ ಸಮಯ ಅಷ್ಟೇ ಇರುತ್ತೆ. 1995ರ ಟಾಯ್ ಸ್ಟೋರಿಗೆ ಪಿಕ್ಸಾರ್‌ನವರು ನೂರಕ್ಕೂ ಹೆಚ್ಚು ಕಂಪ್ಯೂಟರ್ ಸಾಲಾಗಿಟ್ಟರು, ಆಗಲೂ ಒಂದೊಂದು ಫ್ರೇಮ್‌ಗೆ ಗಂಟೆಗಟ್ಟಲೆ ಹಿಡೀತು. ಆಮೇಲೆ ಯಂತ್ರಗಳ ಬಲ ಎಷ್ಟೋ ಪಟ್ಟು ಏರಿತು. ಚಿತ್ರದಲ್ಲಿ ಕೂದಲು, ನೀರು, ಬೆಳಕಿನ ಪ್ರತಿಫಲನ ಎಲ್ಲ ಸೇರಿಕೊಂಡವು. ಫ್ರೇಮ್‌ಗೆ ಈಗಲೂ ಗಂಟೆಗಟ್ಟಲೆಯೇ. ಬಲ ಹೆಚ್ಚಿದಷ್ಟೂ ಹಸಿವು ಹೆಚ್ಚುತ್ತೆ.

ಇದಕ್ಕೆ ತದ್ವಿರುದ್ಧವಾಗಿ, 2025ರ ಮಾರ್ಚ್‌ನಲ್ಲಿ ಅನಿಮೇಷನ್ ಚಿತ್ರದ ಆಸ್ಕರ್ ಗೆದ್ದದ್ದು ಲಾಟ್ವಿಯಾದ ಫ್ಲೋ. ಮಾತೇ ಇಲ್ಲದ ಒಂದು ಬೆಕ್ಕಿನ ಕಥೆ. ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್ ಅದಕ್ಕೆ ಬಳಸಿದ್ದು ಉಚಿತವಾಗಿ ಸಿಗುವ ಬ್ಲೆಂಡರ್. ಅದರಲ್ಲೂ ಈವಿ ಅನ್ನೋ ವೇಗದ ರೆಂಡರಿಂಗ್ ವಿಧಾನ. ಇದರಿಂದ "ನೋಡಿ, ಸಣ್ಣ ಯಂತ್ರದಲ್ಲೂ ಆಸ್ಕರ್" ಅಂತ ಪಾಠ ತೆಗೆಯೋದು ಬೇಡ. ಅದು ಒಂದು ತಂಡ ವರ್ಷಗಟ್ಟಲೆ ದುಡಿದ ಕೆಲಸ. ನನಗೆ ಕಂಡ ಪಾಠ ಬೇರೆ. ಚಿತ್ರ ಹೇಗೆ ಕಾಣಬೇಕು ಅನ್ನೋದು ಮೊದಲು ತೀರ್ಮಾನವಾಯಿತು, ಬೆಕ್ಕಿನ ಒಂದೊಂದು ಕೂದಲೂ ಕಾಣಬೇಕಿಲ್ಲ ಅಂತ. ಯಂತ್ರದ ಪ್ರಶ್ನೆ ಆ ತೀರ್ಮಾನದ ಹಿಂದೆ ಬಂತು. ನಾನು ಮಾಡಿದ್ದು ಇದರ ಉಲ್ಟಾ. ಕಥೆಗಿಂತ ಮೊದಲು ಕಾರ್ಡ್ ಬಂತು.

ಹಾಗಾದರೆ ಕೆಲಸದಲ್ಲಿ ಬಲ ಎಲ್ಲಿ ಬೇಕು, ಎಲ್ಲಿ ಬೇಡ? ಇದಕ್ಕೆ ನಮ್ಮೂರಿನ ಬಿದ್ರಿಯವರ ಹತ್ತಿರ ಉತ್ತರ ಇದೆ ಅನ್ನಿಸುತ್ತೆ. ಸತುವು ಹೆಚ್ಚು, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ತಾರೆ. ಮೈ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಹಚ್ಚಿ ಕಪ್ಪಾಗಿಸಿ, ಅದರ ಮೇಲೆ ನಕಾಶೆ ಬರೀತಾರೆ. ಸಣ್ಣ ಉಳಿಯಿಂದ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿ ಬಿಸಿ ಮಾಡಿದ ಲೋಹಕ್ಕೆ ಉಜ್ಜಿದರೆ ಮೈಯೆಲ್ಲ ಕಡುಕಪ್ಪು, ಬೆಳ್ಳಿ ಮಾತ್ರ ಬೆಳ್ಳಗೆ. ಈ ಕಲೆಗೆ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಈ ಕಸುಬಿಗೂ ಕರೆಂಟಿನ ಯಂತ್ರ ಬಂದಿದೆ, ಉಜ್ಜಲಿಕ್ಕೆ, ಪಾಲಿಶ್ ಮಾಡಲಿಕ್ಕೆ ಬಫಿಂಗ್ ಮಷಿನ್. ಗೆರೆ ಕೊರೆಯೋದು ಮಾತ್ರ ಕೈಯಿಂದ. ಬರೀ ಬೆವರು ಹರಿಯೋ ಕಡೆ ಯಂತ್ರವನ್ನು ಬಿಟ್ಟುಕೊಂಡರು. ಕಣ್ಣು, ಮನಸ್ಸು ಸೇರಿ ನಿರ್ಧಾರ ಮಾಡೋ ಕಡೆ ಉಳಿ ಕೈಯಲ್ಲೇ ಉಳೀತು. ಸಣ್ಣದು ದೊಡ್ಡದು ಅನ್ನೋ ಜಗಳ ಅಲ್ಲಿಲ್ಲ. ಕೆಲಸದ ಯಾವ ಭಾಗ ಯಾರದು ಅನ್ನೋ ತಿಳಿವಳಿಕೆ ಇದೆ.

ಇಷ್ಟಾದ ಮೇಲೆ ಎರಡನೇ ಸಲ ಫೋನ್ ಮಾಡಿದೆ. ಈ ಸಲ ಬಾಯಿ ಮುಚ್ಚಿಕೊಂಡು ಕೇಳಿದೆ. ನಿನ್ನ ಕೆಲಸ ಎಲ್ಲಿ ನಿಲ್ತದ?

"ಎಕ್ಸ್‌ಪೋರ್ಟ್ ತ್ರಾಸಿಲ್ಲ ಅಣ್ಣಾ, ರಾತ್ರಿ ಹಚ್ಚಿ ಮಲಗ್ತೀನಿ. ಮೂರು ಕ್ಯಾಮೆರಾ ಒಮ್ಮೆಲೇ ಓಡ್ಸಿ ನೋಡ್ಲಾಕ ಹೋದ್ರ ಅಟಕ್ ಆಗ್ತದ. ಯಾವ ಶಾಟ್ ಛಂದ ಅದ ಅಂತ ತಿಳಿಯಂಗೇ ಇಲ್ಲ. ಕೊನಿಗೆ ಬ್ಯಾಸತ್ತು ಯಾವುದೋ ಒಂದು ಹಚ್ಚಿ ಬಿಡ್ತೀನಿ."

ನಾನು ಅಂದುಕೊಂಡದ್ದು ಕಾಯುವ ಕಷ್ಟ. ಅವನದು ನೋಡುವ ಕಷ್ಟ. ಉಳಿ ಹಿಡಿದ ಕೈ ಪ್ರತಿ ಗೆರೆಗೂ ಜಗ್ಗಿದ ಹಾಗೆ. ಫೈಲುಗಳ ಹಗುರ ನಕಲು, ಅಂದರೆ ಪ್ರಾಕ್ಸಿ ಮಾಡಿಕೊಂಡು ಅದರ ಮೇಲೆ ಕತ್ತರಿಸಿ, ಕೊನೆಗೆ ಮೂಲ ಫೈಲಿಗೆ ಜೋಡಿಸಬಹುದು ಅಂತ ಹೇಳಿದೆ. ಅದು ಅವನಿಗೆ ಆಗಲೇ ಗೊತ್ತಿತ್ತು. ಹಳೇ ಲ್ಯಾಪ್‌ಟಾಪಿನಲ್ಲಿ ಆ ನಕಲು ಮಾಡಲಿಕ್ಕೇ ಒಂದು ದಿನ ಹೋಗ್ತದಂತೆ.

"ಇನ್ನೊಂದು ಮಾತದ" ಅಂದ. "ಹೋದ ವರ್ಷ ಒಂದು ಡಿಸ್ಕ್ ಹೋಯ್ತು. ಒಂದು ಮನಿ ಅರಿಶಿಣದ ವಿಡಿಯೊ ಪೂರಾ ಹೋಯ್ತು. ಅವರು ಏನೂ ಅನ್ನಲಿಲ್ಲ. ಆದ್ರ ಅವರ ಮನಿ ಮುಂದಿಂದ ನಾ ಈಗೂ ಹಾಯಂಗಿಲ್ಲ, ಸುತ್ತು ಹಾಕಿ ಹೋಗ್ತೀನಿ."

ಬಲ ಎಷ್ಟು, ಬೆಲೆ ಎಷ್ಟು ಅಂತ ನಾನು ಹಾಕಿದ ಲೆಕ್ಕದಲ್ಲಿ ಎಲ್ಲೂ ಇರದಿದ್ದ ಸಾಲು ಇದು. ಬೇರೆಯವರ ಮರಳಿ ಬಾರದ ಒಂದು ದಿನ ಇವನ ಕೈಯಲ್ಲಿದೆ. ಅದನ್ನು ಕಾಯೋದು ಗ್ರಾಫಿಕ್ಸ್ ಕಾರ್ಡ್ ಅಲ್ಲ, ಎರಡನೇ ಡಿಸ್ಕು.

ನಾಚಿಕೆಯಾಗಿ, ನನ್ನ ಟವರ್ ಕಳಿಸಿಕೊಡ್ತೀನಿ, ದುಡ್ಡು ಬೇಡ ಅಂದೆ. ಅವನು ಆಗಲೇ ಲೆಕ್ಕ ಹಾಕಿದ್ದ. ಮನೆಯ ಇನ್ವರ್ಟರ್‌ದು 12 ವೋಲ್ಟಿನ 150 ಎಎಚ್ ಬ್ಯಾಟರಿ, ಕಾಗದದ ಮೇಲೆ 1800 ವ್ಯಾಟ್-ಅವರ್. ಟವರ್ 600 ವ್ಯಾಟ್ ಎಳೆದರೆ ಮೂರು ಗಂಟೆ. ನಿಜದಲ್ಲಿ ಅಷ್ಟೂ ಬರೋದಿಲ್ಲ. ಡಬ್ಬಿ ಮತ್ತು ಮಾನಿಟರ್ ಸೇರಿ 100 ವ್ಯಾಟ್ ಅಂದರೂ ದಿನದ ಕೆಲಸ ನಡೀತದೆ. ಅವನ ತೀರ್ಮಾನ ಇಷ್ಟು: ಸಣ್ಣ ಡಬ್ಬಿ, ಮೆಮೊರಿ ಮಾತ್ರ ಮೊದಲೇ ಒಂದು ಮೆಟ್ಟಿಲು ಹೆಚ್ಚಿಗೆ, ಎರಡು ಹಾರ್ಡ್ ಡಿಸ್ಕ್, ಒಂದು ಕಾಕಾನ ಮನೆಯ ಟ್ರಂಕಿನಲ್ಲಿ, ಒಂದು ಅಂಗಡಿಯಲ್ಲಿ. ಕೆಟ್ಟರೆ ಹೈದರಾಬಾದಿನವರೆಗೆ ಹೋಗಬೇಕು ಅನ್ನೋದೂ ಅವನ ಲೆಕ್ಕದಲ್ಲಿತ್ತು. "ಸುಗ್ಗಿ ಹಂಗ ಮದುವಿನೂ ನಡುವ ಬಿಡುವು ಕೊಡ್ತದ, ಆಗ ಹೋದ್ರಾಯ್ತು" ಅಂದ.

ನೋಡಿ, ಕೊನೆಗೆ ಅವನು ಕೊಂಡದ್ದು ನಾನು ಮೊದಲ ದಿನ ಹೇಳಿದ್ದನ್ನೇ. ಆದರೆ ಎರಡೂ ಒಂದೇ ಮಾತಲ್ಲ. ನನ್ನ "ಸಾಕು" ಅವನ ಊರನ್ನು ನೋಡಿ ಬಂದದ್ದು. ಅವನ "ಸಾಕು" ಅವನ ಕೆಲಸ, ಕರೆಂಟು, ಸಾಲ ಮತ್ತು ಆ ಅರಿಶಿಣದ ಮನೆ ಎಲ್ಲವನ್ನೂ ದಾಟಿ ಬಂದದ್ದು. ನಾಳೆ ಅವನ ಕೆಲಸ ಬೆಳೆದು ದೊಡ್ಡದು ಬೇಕು ಅಂದರೆ, ಆ "ಬೇಕು" ಕೂಡ ಅಷ್ಟೇ ಗಟ್ಟಿ ಇರುತ್ತೆ. ಅದನ್ನು ದುರಾಸೆ ಅನ್ನೋ ಹಕ್ಕು ನನಗಿಲ್ಲ.

ಫೋನ್ ಇಡೋ ಮುಂಚೆ ಅಂದ: "ಮತ್ತ ಆ ಟವರ್ ನಿನಗೇ ಬೇಕಲ್ಲಣ್ಣಾ. ನೀ ಸಿನಿಮಾ ಮಾಡೋನಿದ್ದಿ."

ಚುಚ್ಚಿ ಹೇಳಿದ್ದಲ್ಲ. ನಂಬಿಕೊಂಡೇ ಹೇಳಿದ್ದು. ಅವತ್ತು ರಾತ್ರಿ ತುಂಬ ದಿನದ ಮೇಲೆ ಆ ಫೈಲ್ ತೆರೆದೆ. ಎಲ್ಲೂ ಅಟಕ್ ಆಗದೆ 40 ಸೆಕೆಂಡ್ ಓಡಿ ನಿಂತಿತು.