ಇಂದಿನ ಧಮ್ಮ ಚಿಂತನೆ: ಬಾಗಿದ ಬೆನ್ನು



ಕಳೆದ ವಾರ ಕಾಪು ಕಡೆ ಹೋಗುವಾಗ ನೇಜಿ ನೆಡುತ್ತಿದ್ದ ಹೆಂಗಸರ ಫೋಟೊ ತೆಗೆದು, 'ಪ್ರಕೃತಿಯ ಸೊಬಗು' ಎಂದು ಸ್ಟೇಟಸ್ ಹಾಕಿದೆ. ಮಣಿಪಾಲದ ಗೆಳೆಯರೊಬ್ಬರು ಉತ್ತರವಾಗಿ ಒಂದು ಚಿತ್ರ ಕಳಿಸಿದರು. ಫ್ರಾನ್ಸಿನ ಕಲಾವಿದ ಮಿಲೆ 1857ರಲ್ಲಿ ಬರೆದದ್ದು.

ಕೊಯ್ಲು ಮುಗಿದ ಹೊಲದಲ್ಲಿ ಮೂವರು ಬಡ ಹೆಂಗಸರು ಬಿದ್ದ ತೆನೆ ಆಯುತ್ತಿದ್ದಾರೆ. ದೂರದಲ್ಲಿ ದೊಡ್ಡ ಬಣವೆಗಳು, ಕುದುರೆ ಮೇಲೆ ಮೇಲ್ವಿಚಾರಕ. ಬಡವರನ್ನು ಇಷ್ಟು ದೊಡ್ಡದಾಗಿ ಬರೆದದ್ದು ಅಂದಿನ ಪ್ಯಾರಿಸಿನ ಉಳ್ಳವರಿಗೆ ಹಿಡಿಸಲಿಲ್ಲ. ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರೂ ಹಳ್ಳಿಯ ದುಡಿಮೆಯನ್ನು ಬರೆದವರೇ.

ನನಗೆ ಅಮ್ಮ ನೆನಪಾದಳು. ಕಾರ್ಕಳದಲ್ಲಿ ಬೇರೆಯವರ ಗದ್ದೆಗೆ ನೇಜಿ ನೆಟ್ಟು ಬಂದ ಸಂಜೆ, ನೆಟ್ಟಗೆ ನಿಲ್ಲಲು ಗೋಡೆ ಹಿಡಿಯುತ್ತಿದ್ದಳು. ಅವಳ ಮಗನಾದ ನನಗೂ ಗದ್ದೆಯ ಹಸಿರು ಕಂಡಿತು, ಬೆನ್ನು ಕಾಣಲಿಲ್ಲ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಲಕ ಸಿದ್ಧಾರ್ಥನ ಪ್ರಸಂಗ ಹೇಳುತ್ತಾರೆ. ತಂದೆಯ ಹೊಲದಲ್ಲಿ, ಉರಿಬಿಸಿಲಲ್ಲಿ, ಮೈತುಂಬ ಬಟ್ಟೆಯಿಲ್ಲದೆ ದುಡಿಯುವವರನ್ನು ಕಂಡು ಮರುಗಿದ. ಒಬ್ಬರ ದುಡಿಮೆಯ ಮೇಲೆ ಇನ್ನೊಬ್ಬರು ಬದುಕುವುದು ಸರಿಯೇ ಎಂದು ಗೆಳೆಯರನ್ನು ಕೇಳಿದ. ಹೊಲ ಅವನ ಮನೆಯದೇ. ಆದರೂ ಕೇಳಿದ.

ಅಷ್ಟಾಂಗ ಮಾರ್ಗ ಸಮ್ಯಕ್ ದೃಷ್ಟಿಯಿಂದ ಶುರುವಾಗುತ್ತದೆ. ಚೆಲುವನ್ನು ನೋಡಬೇಡ ಎಂದು ಧಮ್ಮ ಹೇಳುವುದಿಲ್ಲ. ಅದರ ಜೊತೆಗಿರುವ ದುಃಖವನ್ನೂ ದುಃಖದ ಕಾರಣವನ್ನೂ ನೋಡು ಎನ್ನುತ್ತದೆ.

ಸ್ಟೇಟಸ್ ಅಳಿಸಿದೆ. ಮರುದಿನ ಅದೇ ಗದ್ದೆಗೆ ಹೋಗಿ ಅವರ ಹೆಸರು ಕೇಳಿದೆ, ದಿನದ ಕೂಲಿ ಕೇಳಿದೆ. ಇಂದು ನೀವೂ ದಿನವೂ ಕಾಣುವ ಒಬ್ಬ ದುಡಿಯುವವರ ಹೆಸರು ಕೇಳಿ.

ಭವತು ಸಬ್ಬ ಮಂಗಲಂ 🙏