ಪಾನಗೃಹವೂ ಪ್ರಾಚೀನತೆಯ ವೇಷವೂ

ಯೂರೋಪಿನ ಪಟ್ಟಣಗಳಲ್ಲಿ ಸುಮಾರು ಒಂದೂವರೆ ಶತಮಾನದಿಂದ ಒಂದು ವಿಚಿತ್ರವಾದ ಬಗೆಯ ಪಾನಗೃಹ ಕಾಣಬರುತ್ತಿದೆ. ಅದನ್ನು ಕಟ್ಟಿಸುವವನು ಈಚೆಗೆ ಕೊಯ್ದ ತೊಲೆಗಳಿಗೆ ಹೊಗೆಯ ಬಣ್ಣವನ್ನು ಹಚ್ಚಿಸುತ್ತಾನೆ. ನುಣ್ಣಗಾಗಬಲ್ಲ ಗೋಡೆಗೆ ಬೇಕೆಂದೇ ಉಬ್ಬುತಗ್ಗಾಗಿ ಗಾರೆ ಮಾಡಿಸುತ್ತಾನೆ. ವಿದ್ಯುದ್ದೀಪವನ್ನು ಮೇಣದ ಬತ್ತಿಯ ಆಕಾರದ ಗಾಜಿನೊಳಗೆ ಅಡಗಿಸುತ್ತಾನೆ. ಹೊಸಿಲು ದಾಟಿದ ಅತಿಥಿಗೆ ತಾನು ನಾನೂರು ಐನೂರು ವರ್ಷ ಹಿಂದಕ್ಕೆ ಸರಿದು, ವಿದ್ಯಾಪುನರುಜ್ಜೀವನ ಕಾಲದ ಯಾವನೋ ಪ್ರಭುವಿನ ಹಜಾರದಲ್ಲಿ ಕುಳಿತಂತೆ ತೋರಬೇಕೆಂಬುದು ಅವನ ಸಂಕಲ್ಪ. ಹೀಗೆ ಹೊಸದನ್ನು ಹಳೆಯದಾಗಿ ತೋರಿಸುವವನು ಸುಳ್ಳುಗಾರನೋ ಅಲ್ಲವೋ? ಪ್ರಶ್ನೆಯು ಮೇಲುನೋಟಕ್ಕೆ ಕ್ಷುಲ್ಲಕವೆಂದು ಕಂಡೀತು. ಆದರೆ ಪೂರ್ವಕಾಲವೆಂಬುದು ಸತ್ತವರು ಬಿಟ್ಟುಹೋದ ಆಸ್ತಿ. ಅದರ ಮೇಲೆ ಬದುಕಿರುವವರಿಗೆ ಅಧಿಕಾರವೆಷ್ಟು, ಹೊಣೆಯೆಷ್ಟು ಎಂಬ ವಿಚಾರವು ಆ ಪ್ರಶ್ನೆಯೊಳಗೆ ಅಡಗಿದೆ. ಮದ್ಯಪಾನದ ಗುಣದೋಷ ಬೇರೆಯ ಮಾತು. ಅದನ್ನು ಹಿರಿಯರು ಬೇಕಾದಷ್ಟು ವಿವೇಚಿಸಿದ್ದಾರೆ.

ಇಂಥ ಮನೆಗಳಲ್ಲಿ ಬಹು ಹೆಸರು ಪಡೆದದ್ದು ಪ್ಯಾರಿಸ್ ನಗರದ ಮೊಂಮಾರ್ತ್ರ್ ಗುಡ್ಡದ ಬುಡದಲ್ಲಿದ್ದ ‘ಷಾ ನ್ವಾರ್’, ಎಂದರೆ ‘ಕರಿಯ ಬೆಕ್ಕು’. ರೊಡಾಲ್ಫ್ ಸಾಲಿಸ್ ಎಂಬಾತನು ಅದನ್ನು 1881ರ ನವೆಂಬರ್ ತಿಂಗಳಲ್ಲಿ ತೆರೆದನು. ಒಳಗಿನ ಅಲಂಕಾರವೆಲ್ಲ ಹದಿಮೂರನೆಯ ಲೂಯಿ ದೊರೆಯ ಕಾಲದ ರೀತಿಯದು. ಆ ದೊರೆ ಆಳಿದ್ದು 1610ರಿಂದ 1643ರವರೆಗೆ. ಪುನರುಜ್ಜೀವನದ ಸಂಜೆಗಾಲವೆಂದು ಅದನ್ನು ಕರೆಯಬಹುದು. ಬಾಗಿಲಲ್ಲಿ ಗಂಡುಗೊಡಲಿಯಂಥ ಹಳೆಯ ಆಯುಧವನ್ನು ಹಿಡಿದ ಕಾವಲುಗಾರ. ಒಳಗೆ ಬಟ್ಟಲು ತಂದುಕೊಡುವ ಪರಿಚಾರಕರ ಮೈಮೇಲೆ ಫ್ರೆಂಚ್ ಅಕಾಡೆಮಿಯ ಘನವಿದ್ವಾಂಸರು ತೊಡುವ ಹಸುರು ಪೋಷಾಕು! ಒಳಬಂದ ಸಾಮಾನ್ಯ ಗಿರಾಕಿಯನ್ನು ಸಾಲಿಸನು ಮಹಾಪ್ರಭುಗಳೇ ಎಂದು ಸಂಬೋಧಿಸಿ ಬಾಗಿ ನಮಸ್ಕರಿಸುತ್ತಿದ್ದನು. 1885ರಲ್ಲಿ ಮನೆ ಹತ್ತಿರದ ಇನ್ನೊಂದು ಬೀದಿಗೆ ಬದಲಾಯಿತು. 1897ರಲ್ಲಿ ಸಾಲಿಸನು ತೀರಿಕೊಂಡನು, ಮನೆಯ ವೈಭವವೂ ಅವನೊಡನೆ ಮುಗಿಯಿತು.

ಇದರ ಮೇಲೆ ಮೊದಲನೆಯ ಆಕ್ಷೇಪಣೆ ಸುಲಭವಾದದ್ದು. ಹೊಗೆ ಹಿಡಿಯದ ತೊಲೆ ಹೊಗೆ ಹಿಡಿದಂತೆ ತೋರುವುದು ಅಸತ್ಯ. ಅಸತ್ಯದಿಂದ ಹಣ ಗಳಿಸುವುದು ವಂಚನೆ. ಈ ವಾದವನ್ನು ಒರೆಗೆ ಹಚ್ಚುವುದಕ್ಕೆ ಪುನರುಜ್ಜೀವನ ಕಾಲದ್ದೇ ಒಂದು ಸಂಗತಿ ಒದಗುತ್ತದೆ. ಫ್ಲಾರೆನ್ಸಿನ ಇಪ್ಪತ್ತೊಂದು ವಯಸ್ಸಿನ ಒಬ್ಬ ಶಿಲ್ಪಿ ನಿದ್ರಿಸುತ್ತಿರುವ ಕಾಮದೇವನ ಒಂದು ಪ್ರತಿಮೆಯನ್ನು ಅಮೃತಶಿಲೆಯಲ್ಲಿ ಕಡೆದನು. ಮೆದೀಚಿ ಮನೆತನದ ಒಬ್ಬ ಧನಿಕನು ಅದನ್ನು ಕಂಡು, ಇದು ಬಹುಕಾಲ ಮಣ್ಣಿನಲ್ಲಿ ಹೂತಿದ್ದಂತೆ ಕಾಣುವ ಹಾಗೆ ಮಾಡಿದರೆ ರೋಮಿನಲ್ಲಿ ಪ್ರಾಚೀನ ವಸ್ತುವೆಂದು ಹೆಚ್ಚು ಬೆಲೆಗೆ ಹೋದೀತೆಂದು ಸಲಹೆ ಕೊಟ್ಟನು. ಹಾಗೆಯೇ ಆಯಿತು. 1496ರ ಸುಮಾರಿಗೆ ರಿಯಾರಿಯೋ ಎಂಬ ಕಾರ್ಡಿನಲ್ ಗುರುವು ಅದನ್ನು ಒಬ್ಬ ದಲ್ಲಾಳಿಯಿಂದ ಇನ್ನೂರು ಡ್ಯೂಕಟ್ ತೆತ್ತು ಕೊಂಡನು. ಶಿಲ್ಪಿಗೆ ದಲ್ಲಾಳಿ ಕೊಟ್ಟದ್ದು ಮೂವತ್ತು. ಆ ಶಿಲ್ಪಿಯ ಹೆಸರು ಮೈಕೆಲೇಂಜಲೊ. ಇಲ್ಲಿ ನಡೆದುದು ವಂಚನೆಯೆಂಬುದರಲ್ಲಿ ಸಂದೇಹವಿಲ್ಲ. ನಿಜ ತಿಳಿದಿದ್ದರೆ ಕೊಳ್ಳುವವನು ಆ ಬೆಲೆಯನ್ನು ಕೊಡುತ್ತಿರಲಿಲ್ಲ, ಅಷ್ಟು ಸಾಕು.

ಅದೇ ಪರೀಕ್ಷೆಯನ್ನು ಸಾಲಿಸನ ಮನೆಗೆ ಒಡ್ಡಿದರೆ ಫಲ ಬೇರೆಯಾಗುತ್ತದೆ. ಅಯ್ಯಾ, ಈ ತೊಲೆ ನಿಜವಾಗಿ ಹಳೆಯದಲ್ಲ ಎಂದು ಅತಿಥಿಯ ಕಿವಿಯಲ್ಲಿ ಯಾರಾದರೂ ಹೇಳಿದರೆ ಅವನು ಎದ್ದುಹೋಗುತ್ತಿದ್ದನೆ? ಇಲ್ಲ. ಅವನಿಗೆ ಅದು ಮೊದಲೇ ಗೊತ್ತು. ಬಯಲಾಟದಲ್ಲಿ ಕಿರೀಟ ಕಟ್ಟಿಕೊಂಡು ಬಂದವನು ಮರುದಿನ ಬೆಳಗ್ಗೆ ನೇಗಿಲು ಹಿಡಿಯತಕ್ಕವನೆಂದು ಊರಿಗೆಲ್ಲ ಗೊತ್ತು. ಅವನನ್ನು ಸುಳ್ಳು ದುರ್ಯೋಧನನೆಂದು ಯಾರೂ ಬೈಯುವುದಿಲ್ಲ. ಮರದ ಬಣ್ಣಕ್ಕಿಂತ ಕೆಟ್ಟ ಸುಳ್ಳು ಇಂಗ್ಲೆಂಡಿನ ಕೆಲವು ಪಾನಗೃಹಗಳ ಫಲಕದಲ್ಲಿದೆ. ಅಲ್ಲಿ ‘ದಿ’ ಎಂಬ ಪದವನ್ನು ‘ಯೀ’ ಎಂದು ಬರೆಯುವುದುಂಟು. ಹಳೆಯ ಇಂಗ್ಲಿಷಿನಲ್ಲಿದ್ದ ಒಂದು ಅಕ್ಷರ ಅಚ್ಚಿನ ಮೊಳೆಗಳಲ್ಲಿ ದೊರೆಯದಿರಲು ಮುದ್ರಕರು ಅದನ್ನು ಹೋಲುವ ‘ವೈ’ ಅಕ್ಷರವನ್ನು ಬಳಸಿದರು. ಉಚ್ಚಾರಣೆ ಮಾತ್ರ ಎಂದಿಗೂ ‘ದಿ’ ಎಂದೇ ಇತ್ತು. ಹಳಗನ್ನಡದ ೞಕಾರವನ್ನು ಅರಿಯದವನು ಅದನ್ನು ಮತ್ತಾವುದೋ ಅಕ್ಷರವಾಗಿ ಓದಿ, ಪೂರ್ವಿಕರು ಹೀಗೆಯೇ ನುಡಿಯುತ್ತಿದ್ದರೆಂದು ಸಾರಿದಂತಾಯಿತು. ಇಲ್ಲಿ ಮನೆಯ ಯಜಮಾನನು ಪರರನ್ನು ವಂಚಿಸುವ ಮೊದಲು ತಾನೇ ವಂಚಿತನಾಗಿದ್ದಾನೆ.

ಎರಡನೆಯ ಆಕ್ಷೇಪಣೆ ಇಷ್ಟು ಸುಲಭವಾಗಿ ತೊಲಗತಕ್ಕದ್ದಲ್ಲ. ತೊಲೆಯ ವಯಸ್ಸಿನ ವಿಷಯದಲ್ಲಿ ಸುಳ್ಳಿಲ್ಲದಿರಬಹುದು. ಆ ಕಾಲದ ಜನರ ವಿಷಯದಲ್ಲಿ ಸುಳ್ಳಿಲ್ಲವೆ? ಪುನರುಜ್ಜೀವನ ಕಾಲದ ಪಾನಗೃಹ ಹೇಗಿತ್ತೆಂಬುದಕ್ಕೆ ಒಬ್ಬ ದೊಡ್ಡ ಸಾಕ್ಷಿ ಇದ್ದಾನೆ. ನಿಕೊಲೊ ಮೆಕಿಯವೆಲ್ಲಿಯು ಫ್ಲಾರೆನ್ಸ್ ಗಣರಾಜ್ಯದಲ್ಲಿ ಹದಿನಾಲ್ಕು ವರ್ಷ ಅಧಿಕಾರದಲ್ಲಿದ್ದು, 1512ರಲ್ಲಿ ಮೆದೀಚಿಗಳು ಮರಳಿ ಬಂದಾಗ ಪದವಿಯನ್ನು ಕಳೆದುಕೊಂಡನು. ಮರುವರ್ಷ ಒಳಸಂಚಿನ ಅನುಮಾನಕ್ಕೆ ಗುರಿಯಾಗಿ ಸೆರೆಮನೆಯಲ್ಲಿ ಚಿತ್ರಹಿಂಸೆಯನ್ನು ಅನುಭವಿಸಿದನು. ಬಿಡುಗಡೆಯಾದ ಮೇಲೆ ನಗರದ ಹೊರಗೆ ಸಂತ್ ಆಂದ್ರೆಯ ಎಂಬ ಹಳ್ಳಿಯಲ್ಲಿದ್ದ ತನ್ನ ಜಮೀನಿಗೆ ಹೋಗಿ ನೆಲೆಸಿದನು. ಅಲ್ಲಿಂದ 1513ರ ಡಿಸೆಂಬರ್ 10ರಂದು ಗೆಳೆಯ ವೆತ್ತೋರಿಗೆ ಬರೆದ ಕಾಗದದಲ್ಲಿ ತನ್ನ ದಿನಚರಿಯನ್ನು ವಿವರಿಸಿದ್ದಾನೆ. ಮಧ್ಯಾಹ್ನದ ಊಟವಾದ ಮೇಲೆ ಅವನು ಹೋಗುತ್ತಿದ್ದುದು ದಾರಿಬದಿಯ ಪಾನಗೃಹಕ್ಕೆ. ಅಲ್ಲಿ ಅವನ ಜತೆಗಾರರು ಮನೆಯ ಯಜಮಾನ, ಒಬ್ಬ ಕಟುಕ, ಒಬ್ಬ ಗಿರಣಿಯವನು, ಇಬ್ಬರು ಒಲೆಯ ಕೆಲಸದವರು. ಇಸ್ಪೀಟು, ಪಗಡೆಯಂಥ ಒಂದು ಆಟ, ಒಂದು ಬಿಡಿಕಾಸಿಗಾಗಿ ಜಗಳ, ಮುಂದಿನ ಊರಿಗೂ ಕೇಳಿಸುವ ಕೂಗು. ತನ್ನ ದುರ್ದೈವವು ತನ್ನನ್ನು ಇಷ್ಟು ತುಳಿದು ನಾಚದೆ ಇರುವುದೆ ನೋಡೋಣ ಎಂಬ ಹಟದಿಂದ ಆತನು ಅಲ್ಲಿ ಸಂಜೆಯವರೆಗೆ ಕುಳಿತಿರುವನು.

ಕತ್ತಲಾದ ಮೇಲೆ ಮನೆಗೆ ಬಂದು ಓದುವ ಕೋಣೆಯ ಬಾಗಿಲಲ್ಲಿ ಕೆಸರು ಮೆತ್ತಿದ ಬಟ್ಟೆಯನ್ನು ಕಳಚಿ, ಆಸ್ಥಾನಕ್ಕೆ ತಕ್ಕ ಉಡುಪನ್ನು ತೊಟ್ಟು ಒಳಹೊಗುವನು. ಅಲ್ಲಿ ಪ್ರಾಚೀನ ರೋಮಿನ ಮಹನೀಯರ ಗ್ರಂಥಗಳಿವೆ. ನೀವು ಹೀಗೇಕೆ ಮಾಡಿದಿರಿ ಎಂದು ಅವರನ್ನು ನಾಚದೆ ಪ್ರಶ್ನಿಸುವನು. ಅವರು ದಯೆಯಿಂದ ಉತ್ತರ ಕೊಡುವರು. ನಾಲ್ಕು ಗಂಟೆಗಳ ಕಾಲ ಬಡತನದ ಭಯವಿಲ್ಲ, ಸಾವಿನ ಅಂಜಿಕೆಯಿಲ್ಲ. ರಾಜನೀತಿಯನ್ನು ಕುರಿತ ಅವನ ಲೋಕಪ್ರಸಿದ್ಧ ಗ್ರಂಥವು ಆ ರಾತ್ರಿಗಳಲ್ಲಿ ಹುಟ್ಟಿದ್ದು.

ಈ ಕಾಗದವನ್ನು ಓದಿದವನಿಗೆ ಹೊಸ ಕಾಲದ ‘ಹಳೆಯ’ ಪಾನಗೃಹದಲ್ಲಿ ಕೊಂಚ ಇರುಸುಮುರುಸಾಗದಿರದು. ಹಗಲಿನ ಪಾನಗೃಹ, ರಾತ್ರಿಯ ಗ್ರಂಥಾಲಯ ಎರಡನ್ನೂ ಬೆರಸಿ, ರಾತ್ರಿಯ ಗೌರವವನ್ನು ಹಗಲಿನ ಬಟ್ಟಲಿನಲ್ಲಿ ಮಾರುವುದು ಅಲ್ಲಿ ನಡೆಯುವ ವ್ಯಾಪಾರ. ಸಂತ್ ಆಂದ್ರೆಯದ ಕಟುಕನಿಗೆ ತಾನು ಮಹಾಯುಗವೊಂದರಲ್ಲಿ ಕುಳಿತಿದ್ದೇನೆಂಬ ಭಾವನೆಯೇ ಇರಲಿಲ್ಲ. ಅವನ ಎಲೆ ಎಲ್ಲಿ ಹೋಯಿತೆಂಬುದು ಅವನ ಚಿಂತೆ. ವೇಷವನ್ನು ಮೆಕಿಯವೆಲ್ಲಿಯೂ ತೊಟ್ಟನಲ್ಲ ಎನ್ನಬಹುದು. ತೊಟ್ಟನು, ದಿಟ. ವೇಷವಿಲ್ಲದೆ ಪೂರ್ವಿಕರ ಸಭೆಗೆ ಹೋಗಲು ಅವನಿಗೂ ಮನಸ್ಸು ಬರಲಿಲ್ಲ. ಆದರೆ ತೊಟ್ಟ ಮೇಲೆ ಅವನು ಪ್ರಶ್ನೆ ಕೇಳಿದನು. ಇಲ್ಲಿಯ ಅತಿಥಿಗೆ ಯಜಮಾನನು ಉಡುಪನ್ನು ಒದಗಿಸುತ್ತಾನೆ, ಆಸನವನ್ನು ಒದಗಿಸುತ್ತಾನೆ. ಕೇಳಬೇಕಾದ ಪ್ರಶ್ನೆ ಅತಿಥಿಯ ಬಳಿಯಿಲ್ಲದಿದ್ದರೆ ಅದನ್ನು ಯಾವ ಬಡಗಿಯೂ ಮಾಡಿಕೊಡಲಾರನು. ಪ್ರಶ್ನೆಯಿಲ್ಲದೆ ಎದ್ದುಹೋದವನು, ತಾನು ಪೂರ್ವಿಕರನ್ನು ಕಂಡೆನೆಂದು ನಂಬಿ ಹೋಗುತ್ತಾನೆ. ಹಾನಿಯಿರುವುದು ಇಲ್ಲಿ.

ಹಾಗಾದರೆ ನಿಜವಾಗಿ ಹಳೆಯದಾದ ಮನೆ ಈ ದೋಷದಿಂದ ಪಾರಾಯಿತೆ? ಜರ್ಮನಿಯ ಲೈಪ್ಸಿಗ್ ನಗರದಲ್ಲಿ 1525ರಲ್ಲಿ ಒಂದು ದ್ರಾಕ್ಷಾಮದ್ಯದ ಮನೆ ತೆರೆಯಿತು. ಅದರ ಒಡೆಯ ಅಲ್ಲಿಯ ವಿಶ್ವವಿದ್ಯಾನಿಲಯದ ಒಬ್ಬ ವೈದ್ಯ ಪಂಡಿತ; ಹುಟ್ಟೂರಿನಿಂದಾಗಿ ಅವನಿಗೂ ಮನೆಗೂ ಔವರ್‌ಬಾಖ್ ಎಂಬ ಹೆಸರು ನಿಂತಿತು. ವಿದ್ಯಾರ್ಥಿಯಾಗಿದ್ದಾಗ ಗಯ್ಟೆ ಕವಿಗೆ ಪರಿಚಿತವಾಗಿದ್ದ ಈ ನೆಲಮಾಳಿಗೆ ಅವನ ‘ಫೌಸ್ಟ್’ ನಾಟಕದಲ್ಲಿ ಒಂದು ದೃಶ್ಯದ ರಂಗವಾಯಿತು. 1912ರಿಂದ 1914ರವರೆಗೆ ಮೇಲಿನ ಹಳೆಯ ಕಟ್ಟಡವನ್ನು ಕೆಡವಿ ಅಂಗಡಿಗಳ ದೊಡ್ಡ ಸಾಲನ್ನು ಕಟ್ಟಿದರು. ಮಾಳಿಗೆಯನ್ನು ಮಾತ್ರ ಉಳಿಸಿ ಹಿಗ್ಗಿಸಿದರು, ಮೆಟ್ಟಿಲ ಬಳಿ ಫೌಸ್ಟನ ಕಂಚಿನ ಪ್ರತಿಮೆಗಳನ್ನು ನಿಲ್ಲಿಸಿದರು. ಇದರಲ್ಲಿ ಹಳೆಯದೆಷ್ಟು, ಹೊಸದೆಷ್ಟು? ಅಳೆಯಹೊರಟವನು ಕಲ್ಲು ಕಲ್ಲನ್ನೂ ವಿಚಾರಿಸಬೇಕಾದೀತು. ಅಲ್ಲಿ ಕುಳಿತವನಿಗೂ ಅದೇ ಪ್ರಶ್ನೆಯ ಅಭಾವ ಒದಗಬಹುದು.

ಆದುದರಿಂದ ತೊಲೆಯ ವಯಸ್ಸನ್ನು ಬಿಟ್ಟು, ಆ ಸೂರಿನ ಕೆಳಗೆ ಏನು ನಡೆಯುತ್ತದೆಂದು ನೋಡುವುದು ನ್ಯಾಯ. ಸಾಲಿಸನ ಮನೆಯಲ್ಲಿ ವೇಷವು ತನ್ನನ್ನು ತಾನೇ ಹಾಸ್ಯಮಾಡಿಕೊಳ್ಳುತ್ತಿತ್ತು. ಪಂಡಿತರ ಪೋಷಾಕಿನಲ್ಲಿ ಬಟ್ಟಲು ಹೊರುವವನನ್ನು ಕಂಡು ಯಾರು ತಾನೆ ಮೋಸಹೋದಾರು? ಇನ್ನೂ ಹೆಚ್ಚಿನ ಮಾತೆಂದರೆ, ಆ ಹಳೆಯ ವೇಷದೊಳಗೆ ಹೊಸ ಸೃಷ್ಟಿ ನಡೆಯಿತು. ಆನ್ರಿ ರಿವಿಯೇರ್ ಎಂಬ ಕಲಾವಿದನು ಬಿಳಿಯ ತೆರೆಯ ಹಿಂದೆ ತಗಡಿನ ಆಕೃತಿಗಳನ್ನು ಆಡಿಸಿ, ತೊಗಲುಗೊಂಬೆಯಾಟವನ್ನು ಬಲ್ಲ ಕನ್ನಡಿಗರಿಗೆ ಕೂಡಲೇ ಪರಿಚಿತವೆನಿಸಬಹುದಾದ ಛಾಯಾನಾಟಕಗಳನ್ನು ತೋರಿಸಿದನು. ಎರಿಕ್ ಸಾತಿಯೆಂಬ ತರುಣನು ಅಲ್ಲಿ ಪಿಯಾನೊ ನುಡಿಸುತ್ತಿದ್ದನು; ಮುಂದಿನ ಶತಮಾನದ ಸಂಗೀತಗಾರರು ಅವನಿಂದ ಕಲಿತರು. ಆ ಮನೆಯ ಮೇಲ್ಪಂಕ್ತಿಯನ್ನು ಹಿಡಿದು 1897ರಲ್ಲಿ ಬಾರ್ಸಿಲೋನದಲ್ಲಿ ತೆರೆದ ‘ನಾಲ್ಕು ಬೆಕ್ಕು’ಗಳ ಮನೆಯೂ ಗಾಥಿಕ್ ರೀತಿಯ ಹಳೆಯ ವೇಷದ್ದೇ. 1900ರಲ್ಲಿ ಹದಿನೆಂಟು ವಯಸ್ಸಿನ ಪಿಕಾಸೊ ತನ್ನ ಚಿತ್ರಗಳನ್ನು ಪ್ರದರ್ಶಿಸಿದ್ದು ಅಲ್ಲಿ. ಇವರಲ್ಲಿ ಯಾರೂ ಹದಿಮೂರನೆಯ ಲೂಯಿಯ ಕಾಲಕ್ಕೆ ಹಿಂದಿರುಗಲು ಬಯಸಿದವರಲ್ಲ.

ಇನ್ನು ಉಳಿದದ್ದು ಕಾರ್ಡಿನಲ್ ಗುರುವಿನ ಕಥೆ. ಕಾಮದೇವನು ಹೊಸಬನೆಂದು ತಿಳಿದೊಡನೆ ಅವನು ಕೋಪಗೊಂಡು ಪ್ರತಿಮೆಯನ್ನು ದಲ್ಲಾಳಿಗೆ ಹಿಂದಿರುಗಿಸಿ ತನ್ನ ಹಣವನ್ನು ವಸೂಲು ಮಾಡಿದನು. ಜತೆಗೆ, ಅದನ್ನು ಕಡೆದ ಕೈ ಯಾವುದೆಂದು ಪತ್ತೆಮಾಡಲು ಫ್ಲಾರೆನ್ಸಿಗೆ ಆಳನ್ನು ಕಳುಹಿಸಿದನು. ಮೈಕೆಲೇಂಜಲೊ ಮೊಟ್ಟಮೊದಲು ರೋಮಿಗೆ ಬಂದದ್ದು ಆ ಕರೆಯ ಮೇಲೆ.