ದೇವತೆಗಳ ಪಾಳಿ

ನಮ್ಮ ಕಡೆ ಬಲಿಪಾಡ್ಯಮಿ ಮುಗಿದ ಮಾರನೆಯ ದಿನ, ಕಾರ್ತಿಕ ಶುದ್ಧ ಬಿದಿಗೆಯಂದು, ಕೇದಾರನಾಥದ ಬಾಗಿಲು ಹಾಕುತ್ತಾರೆ. ನಸುಕಿನಲ್ಲಿ ಸಮಾಧಿ ಪೂಜೆ ನಡೆದು ಲಿಂಗ ಭಸ್ಮದೊಳಗೆ ಮರೆಯಾಗುತ್ತದೆ. ಪಂಚಮುಖಿ ಉತ್ಸವಮೂರ್ತಿ ಡೋಲಿ ಏರಿ ರಾಂಪುರ, ಗುಪ್ತಕಾಶಿಗಳಲ್ಲಿ ತಂಗುತ್ತಾ ಉಖೀಮಠದ ಓಂಕಾರೇಶ್ವರ ಗುಡಿಗೆ ಬರುತ್ತದೆ. 3,583 ಮೀಟರ್ ಎತ್ತರದಿಂದ ಸುಮಾರು 1,300 ಮೀಟರಿಗೆ ಇಳಿಯುವ ದಾರಿ ಅದು. ಕೇದಾರದ ಧರ್ಮಗುರುಗಳಾದ ರಾವಲರೂ ಅರ್ಚಕರೂ ಪರಂಪರೆಯಿಂದ ಕರ್ನಾಟಕ ಮೂಲದ ವೀರಶೈವ ಜಂಗಮರು. ಹಾಗಾಗಿ ಈ ಬೀಳ್ಕೊಡುಗೆ ನಮಗೆ ತೀರ ದೂರದ್ದಲ್ಲ.

ಬೆಟ್ಟ ಬಿಡುವುದೇಕೆ? ಹಿಮ ಬೀಳುತ್ತದೆ, ಅದಕ್ಕೆ. ಉತ್ತರ ಸುಳ್ಳಲ್ಲ, ಆದರೆ ಅರೆಬರೆ. 2023ರಲ್ಲಿ ಬಾಗಿಲು ಮುಚ್ಚಿದ್ದು ನವೆಂಬರ್ 15ರಂದು, 2025ರಲ್ಲಿ ಅಕ್ಟೋಬರ್ 23ರಂದು. ನಡುವೆ ಮೂರು ವಾರಕ್ಕೂ ಮಿಕ್ಕಿದ ಅಂತರ. ಈ ಅಂತರವನ್ನು ತಂದದ್ದು ಹವಾಮಾನವಲ್ಲ, ಚಂದ್ರ. ಹಿಮ ಪಂಚಾಂಗ ನೋಡಿಕೊಂಡು ಬೀಳುವುದಿಲ್ಲ. ಇನ್ನೊಂದು ಸಂಗತಿ: 2013ರ ಜೂನ್ ಪ್ರವಾಹದ ನಂತರ ಮರುನಿರ್ಮಾಣಕ್ಕೆ ಹೋದ ತಂಡಗಳು ಚಳಿಗಾಲದಲ್ಲೂ ಅಲ್ಲೇ ಉಳಿದು ಕೆಲಸ ಮಾಡಿದವು. ಹಟ ಹಿಡಿದರೆ ಇರಬಹುದು ಎಂದಾಯಿತು. ಇರಬಹುದಾದಾಗಲೇ ಎದ್ದು ಹೊರಡುವುದು ಈ ಪದ್ಧತಿಯ ತಿರುಳು ಎಂದು ನನಗನ್ನಿಸುತ್ತದೆ.

ಬೆಟ್ಟದ ಬಿಡಾರಗಳನ್ನು ನಾವು ಬಿಡುವ ರೀತಿ ಬೇರೆ. ರಜೆ ತೀರಿದರೆ ಗೊಣಗುತ್ತಾ ಇಳಿಯುತ್ತೇವೆ. ರಜೆ ಉಳಿದಿದ್ದರೆ ಬೇಸರ ಬರುವ ತನಕ ಇರುತ್ತೇವೆ. ಮೊದಲನೆಯದು ಎಳೆದೊಯ್ದಂತೆ, ಎರಡನೆಯದು ಉಂಡು ಎಲೆ ಬಿಸಾಡಿದಂತೆ. ಎರಡಕ್ಕೂ ಅಳತೆಗೋಲು ನಮ್ಮ ಮನಸ್ಸೇ. ಬಿದಿಗೆಯ ನೇಮ ನಮ್ಮ ಆಸೆಯನ್ನೂ ಕೇಳುವುದಿಲ್ಲ, ಹವಾಮಾನವನ್ನೂ ಕೇಳುವುದಿಲ್ಲ. ಅಂದು ಬಿಸಿಲು ಚೆನ್ನಾಗಿ ಕಾಯುತ್ತಿರಲಿ, ಮಂದಾಕಿನಿ ನದಿಯ ಕಣಿವೆ ವರ್ಷದಲ್ಲೇ ಚೆಲುವಾಗಿ ಕಾಣುತ್ತಿರಲಿ, ಡೋಲಿ ಏಳುತ್ತದೆ.

ಇದರಲ್ಲಿ ಇನ್ನೂ ಕಠಿಣವಾದದ್ದೊಂದಿದೆ. ಹೊರಡುವ ದಿನ ಗೊತ್ತು, ಮರಳುವ ದಿನ ಗೊತ್ತಿಲ್ಲ. ಬಾಗಿಲು ತೆರೆಯುವ ಮುಹೂರ್ತ ಗೊತ್ತಾಗುವುದು ಮಹಾಶಿವರಾತ್ರಿಯಂದು, ಉಖೀಮಠದಲ್ಲಿ ಪಂಚಾಂಗ ಬಿಡಿಸಿದಾಗ. ನಾವಾದರೆ ಮುಂದಿನ ವರ್ಷದ ಕೋಣೆ ಕಾದಿರಿಸಿಯೇ ಹೊರಡುವವರು. ಅಂಥ ವಿದಾಯ ಅರ್ಧ ನಾಟಕ. ಇಲ್ಲಿ ಹೆಚ್ಚುಕಡಿಮೆ ನಾಲ್ಕು ತಿಂಗಳು ದೇವರಿಗೂ ಹಿಂದಿರುಗುವ ತಾರೀಖಿಲ್ಲ.

ಸ್ಥಾವರ ಸೋತಿತು, ಜಂಗಮ ಗೆದ್ದಿತು ಎನ್ನಲು ಕನ್ನಡದ ನಾಲಿಗೆ ತುರಿಸುತ್ತದೆ, ಬಲ್ಲೆ. ಆತುರ ಬೇಡ. ಲಿಂಗ ಕದಲುವುದಿಲ್ಲ, ಇಳಿಯುವುದು ಉತ್ಸವಮೂರ್ತಿ ಮಾತ್ರ. ಹೋಗುವುದೂ ಉಳಿಯುವುದೂ ಒಬ್ಬನೇ ದೇವರು. ಬೆಟ್ಟವನ್ನು ಬಿಟ್ಟೆವು ಎಂಬ ವೈರಾಗ್ಯದ ಜಂಬಕ್ಕೂ ಅಲ್ಲಿ ಜಾಗವಿಲ್ಲ.

ಕುದುರೆಯವನಿಗೆ, ಚಹಾದ ಅಂಗಡಿಯವನಿಗೆ ಈ ಮಾತೆಲ್ಲ ರುಚಿಸಲಾರದು. ಅವರಿಗೆ ಬಿದಿಗೆಯೆಂದರೆ ದುಡಿಮೆ ನಿಂತ ದಿನ. ಬಾಗಿಲು ಇನ್ನೊಂದಿಷ್ಟು ದಿನ ತೆರೆದಿರಲಿ ಎಂದು ಅವರು ಕೇಳಿದರೆ ಅದನ್ನು ದುರಾಸೆ ಎನ್ನಲು ನನಗೆ ಬಾಯಿ ಬಾರದು.

ನನಗೆ ಅಳುಕು ಇರುವುದು ಬೇರೆ ಕಡೆಯಿಂದ. ಸೋನಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರ್ ರೋಪ್‌ವೇಗೆ ಕೇಂದ್ರ ಸಂಪುಟ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಎಂಟೊಂಬತ್ತು ತಾಸಿನ ಹತ್ತುವಿಕೆ ಸುಮಾರು 36 ನಿಮಿಷಕ್ಕೆ ಇಳಿಯುತ್ತದಂತೆ. ಮಂಡಿನೋವಿನ ಮುದುಕರಿಗೆ ಅದು ಒಳ್ಳೆಯದೇ. ಆದರೆ ಇಷ್ಟು ಖರ್ಚು ಮಾಡಿದ ಯಂತ್ರವನ್ನು ಅರ್ಧ ವರ್ಷ ಸುಮ್ಮನೆ ಏಕೆ ನಿಲ್ಲಿಸಬೇಕು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಹಿಮವನ್ನು ಮುಂದೊಡ್ಡಿದರೆ ನಾವು ವಾದದಲ್ಲಿ ಸೋಲುತ್ತೇವೆ, ಹಿಮವನ್ನು ಸರಿಸಲು ಯಂತ್ರಗಳಿವೆ. ಅದಕ್ಕಿಂತ ಗಟ್ಟಿಯಾದದ್ದು ಆ ಬೆಟ್ಟದವರ ಹಳೆಯ ನಂಬಿಕೆ: ಆರು ತಿಂಗಳು ಮನುಷ್ಯರು ಪೂಜಿಸುತ್ತಾರೆ, ಉಳಿದ ಆರು ತಿಂಗಳು ದೇವತೆಗಳು. ದೇವತೆಗಳನ್ನು ನಂಬದವನೂ ಇದನ್ನು ಒಪ್ಪಬಹುದು. ಅವನು ಒಪ್ಪಬೇಕಾದದ್ದು ಇಷ್ಟೇ: ವರ್ಷದ ಅರ್ಧ ಪಾಳಿ ನಮ್ಮದಲ್ಲ, ಅದು ಯಾರದ್ದೆಂದು ನಮಗೆ ತಿಳಿಯದೆ ಇದ್ದರೂ.